ಚಾರ್ಜ್ ತಗೊಂಡ್ರಾ?

ಮಕ್ಕಳನ್ನು ಹೆತ್ತ ತಾಯಂದಿರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೆತ್ತ ಮಕ್ಕಳನ್ನು ಮನೆಯಲ್ಲಿ ‘ಅಡ್ಮಿಟ್’ ಮಾಡಿಕೊಂಡವಳು ಮಾತ್ರ, ನಾನು ಕಂಡಂತೆ, ನನ್ನ ಸೋದರತ್ತೆ ಒಬ್ಬಳೇ! ಅದೂ ಒಂದಲ್ಲ, ಎರಡಲ್ಲ, ಏಳು ಮಕ್ಕಳು. ಪೀಣ್ಯದ ಎರಡನೇ ಹಂತದಲ್ಲಿ, ಹಗಲೆಲ್ಲ ಪ್ರೆಸ್ ಮಿಷನ್ನುಗಳು ಧಡ್ ಧಡ್ ಎಂದು ಬಡಿದುಕೊಳ್ಳುವ ಕಾರ್ಖಾನೆಯೊಂದರ ಹಿಂದಿನ ಬೀದಿಯಲ್ಲಿ ಅವರ ಬಾಡಿಗೆ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹೊರಗೆ ಒಂದು ನೀರಿನ ತೊಟ್ಟಿ. ಬೀದಿಯಲ್ಲಿ ಹೋಗುವವರಿಗೆ ಅದು ಮನೆಯ ಹಾಗೇ ಕಾಣುತ್ತಿತ್ತು. ಒಳಗೆ ಕಾಲಿಟ್ಟವರಿಗೆ ಮಾತ್ರ ಅದು ವಾರ್ಡು ಎಂದು ಗೊತ್ತಾಗುತ್ತಿತ್ತು.

ಅತ್ತೆ ಹತ್ತಿರದ ಕಾರ್ಮಿಕರ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳು ಕೂರುತ್ತಿದ್ದ ಮೇಜಿನ ಹಿಂದಿನ ಗೋಡೆಯ ಮೇಲೆ ‘ನಾವಿಬ್ಬರು, ನಮಗಿಬ್ಬರು’ ಎಂಬ ಪೋಸ್ಟರು ಅಂಟಿಸಿದ್ದರು. ಅದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಹಲ್ಲು ಬಿಟ್ಟು ನಿಂತಿದ್ದರು. ಅದರ ಕೆಳಗೆ ಏಳು ಮಕ್ಕಳ ತಾಯಿ ಗಂಭೀರವಾಗಿ ಕೂತು, ಬಂದವರಿಗೆಲ್ಲ ಚಿಕ್ಕ ಸಂಸಾರದ ಸುಖವನ್ನು ವಿವರಿಸುತ್ತಿದ್ದಳು. ಒಬ್ಬ ಧೈರ್ಯವಂತ ಲೇತ್ ಆಪರೇಟರು ‘ನಿಮಗೆಷ್ಟು ಮಕ್ಕಳು ಸಿಸ್ಟರ್?’ ಎಂದು ಕೇಳಿಯೇ ಬಿಟ್ಟನಂತೆ. ಅತ್ತೆ ತಡಬಡಾಯಿಸಲಿಲ್ಲ. ‘ಅನುಭವ ಇರೋರ ಮಾತು ಕೇಳ್ಬೇಕು ಕಣಪ್ಪ. ಏಳು ಹೆತ್ತೋಳು ಹೇಳ್ತಿದೀನಿ, ಎರಡು ಸಾಕು’ ಎಂದಳಂತೆ.

ಮಾವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಗಿನ ಪಾಳಿಯಾದರೆ ಆರು ಗಂಟೆಗೇ ಹೋಗಬೇಕು. ಅತ್ತೆಗೆ ರಾತ್ರಿ ಪಾಳಿಯಾದರೆ ಅವರಿಗೆ ಹಗಲು, ಇವಳಿಗೆ ಹಗಲಾದರೆ ಅವರಿಗೆ ಇನ್ನೊಂದು. ಗಂಡ ಹೆಂಡತಿ ಎದುರುಬದುರಾಗುತ್ತಿದ್ದುದು ಹೆಚ್ಚಾಗಿ ಬಸ್ ಸ್ಟಾಪಿನಲ್ಲಿ. ಇಂಥವರಿಗೆ ಏಳು ಮಕ್ಕಳು ಹೇಗಾದವು ಎನ್ನುವುದು ಆ ಬೀದಿಯ ಹೆಂಗಸರಿಗೆ ಕೊನೆಯವರೆಗೂ ಬಗೆಹರಿಯದ ಒಗಟಾಗಿತ್ತು. ನಾನು ಆಗಿನ್ನೂ ಮದುವೆಯಾಗದ ಹುಡುಗಿ, ನನಗೇನು ಗೊತ್ತು?

ನಾನು ಆ ಮನೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದ ನನಗೆ ಪೀಣ್ಯದ ಬೋಲ್ಟು ನಟ್ಟು ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಯಿಂದ ಒಂದು ಟ್ರಂಕು, ಒಂದು ಚೀಲ ಹಿಡಿದು ಬಂದು ಬಾಗಿಲು ತಟ್ಟಿದೆ. ಬಾಗಿಲು ತೆರೆದ ಅತ್ತೆ ‘ಬಾರವ್ವ, ಚೆನ್ನಾಗಿದೀಯಾ’ ಎನ್ನುತ್ತಾಳೆಂದು ಕಾದೆ. ಅವಳು ನನ್ನ ಗಲ್ಲ ಹಿಡಿದು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ನಾಲಿಗೆ ಹೊರಗೆ ಹಾಕಿಸಿ, ಉಗುರು ಒತ್ತಿ ಬಿಟ್ಟು, ‘ರಕ್ತ ಕಮ್ಮಿ’ ಎಂದು ಒಳಗಿನವರಿಗೆ ಕೇಳುವಂತೆ ಹೇಳಿದಳು. ಒಳಗೆ ಯಾರೋ ಅದನ್ನು ಬರೆದುಕೊಂಡರು. ದಾರಿಯ ದಣಿವಿಗೆ ಕಾಫಿ ಬರುತ್ತದೆಂದುಕೊಂಡರೆ ಬೆಲ್ಲ ಹಾಕಿದ ರಾಗಿ ಗಂಜಿ ಬಂತು. ಮಲಗುವುದಕ್ಕೆ ಹೊಲಿಗೆ ಮಿಷನ್ನಿಗೂ ಅಕ್ಕಿಯ ಡ್ರಮ್ಮಿಗೂ ನಡುವೆ ಒಂದು ಚಾಪೆ ಕೊಟ್ಟರು. ಆ ಚಾಪೆಯ ಹೆಸರು ಏಳನೇ ಬೆಡ್.

ಏಳು ಮಕ್ಕಳಿರುವ ಮನೆಯಲ್ಲಿ ನನ್ನದು ಎಂಟನೇ ಬೆಡ್ ಆಗಬೇಕಿತ್ತಲ್ಲ, ಲೆಕ್ಕ ತಪ್ಪಿತಲ್ಲ ಎಂದು ನಿಮಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು, ಕೇಳಿದೆ. ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿ, ‘ಹಿರೇಳಿಗೆ ಎಂಥ ಬೆಡ್? ಅವಳು ಸ್ಟಾಫು’ ಎಂದಳು.

ಹಿರಿಯವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ನನ್ನ ರಕ್ತ ಕಮ್ಮಿ ಎಂಬ ಸುದ್ದಿಯನ್ನು ಒಳಗಿದ್ದು ಬರೆದುಕೊಂಡವಳು ಅವಳೇ. ಈಗ ಆ ಮನೆಯ ಮುಖ್ಯ ಶಾಸ್ತ್ರವೊಂದನ್ನು ನಿಮಗೆ ಹೇಳದಿದ್ದರೆ ಮುಂದಿನದೇನೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ನರ್ಸು ಗಂಟೆ ಹೊಡೆಯಿತೆಂದು ಬ್ಯಾಗು ಹೆಗಲಿಗೇರಿಸಿ ಹೊರಡುವಂತಿಲ್ಲ. ಮುಂದಿನ ಪಾಳಿಯ ನರ್ಸು, ಅವರ ಭಾಷೆಯಲ್ಲಿ ರಿಲೀವರ್, ಬರಬೇಕು. ಇಬ್ಬರೂ ಒಂದೊಂದೇ ಹಾಸಿಗೆಯ ಮುಂದೆ ನಿಂತು, ಈ ರೋಗಿಗೆ ಏನಾಗಿದೆ, ಏನು ಕೊಟ್ಟಿದೆ, ಏನು ಬಾಕಿ ಇದೆ ಎಂದು ಹೇಳಿ ಕೇಳಿ ಮುಗಿಸಬೇಕು. ಬಂದವಳು ‘ತಗೊಂಡೆ’ ಎಂದ ಮೇಲೇ ಹೋಗುವವಳಿಗೆ ಬಿಡುಗಡೆ. ಇದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಾರೆ. ಬರಬೇಕಾದವಳು ಬರಲಿಲ್ಲವೋ, ಇದ್ದವಳೇ ಇನ್ನೊಂದು ಪಾಳಿ ಎಳೆಯಬೇಕು.

ಅತ್ತೆಯ ಟ್ರೈನಿಂಗ್ ದಿನಗಳಲ್ಲಿ ಜೊತೆಯ ಹುಡುಗಿಯೊಬ್ಬಳು ಚಾರ್ಜ್ ಕೊಡದೆ ಬಸ್ಸು ಹಿಡಿಯಲು ಓಡಿದ್ದರಿಂದ ಒಂದು ಮಗುವಿಗೆ ಒಂದು ಹೊತ್ತಿನ ಔಷಧಿ ತಪ್ಪಿತಂತೆ. ಮಗುವಿಗೆ ಏನೂ ಆಗಲಿಲ್ಲ. ಅತ್ತೆಗೆ ಆಯಿತು! ಅಂದಿನಿಂದ ಅವಳು ಯಾವ ಜಾಗದಿಂದಲೂ ಚಾರ್ಜ್ ಕೊಡದೆ ಕದಲಿದವಳಲ್ಲ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ಅತ್ತೆ ವಾರ್ಡು ಗೆದ್ದು ಮನೆ ಗೆಲ್ಲಲು ಹೊರಟವಳು.

ಆಸ್ಪತ್ರೆಗೆ ಹೊರಡುವ ಮುಂಚೆ ಮನೆಯನ್ನು ಯಾರಿಗೆ ಒಪ್ಪಿಸುವುದು? ಮೊದಮೊದಲು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸುತ್ತಿದ್ದಳಂತೆ. ಆ ಅಜ್ಜಿ ಊರಿಗೆ ಹೋದ ಮೇಲೆ, ಹಿರಿಯವಳಿಗೆ ಹತ್ತು ತುಂಬಿದ ತಿಂಗಳು, ಅವಳನ್ನು ಅಡುಗೆಮನೆಯ ಹೊಸ್ತಿಲ ಮುಂದೆ ನಿಲ್ಲಿಸಿ ಮೊದಲ ಸಲ ಚಾರ್ಜ್ ಕೊಟ್ಟಳು. ಆಗ ಕೆಳಗೆ ಮೂರು ಮಕ್ಕಳಿದ್ದರು. ಉಳಿದ ಮೂವರು ಆಮೇಲೆ ಹುಟ್ಟಿ ಹುಟ್ಟಿ ನೇರವಾಗಿ ಅಕ್ಕನ ಚಾರ್ಜಿಗೇ ಸೇರಿದರು. ಅತ್ತೆಗೆ ರಾತ್ರಿ ಪಾಳಿಯಿದ್ದ ವಾರಗಳಲ್ಲಿ ಮಾವ ಆರಕ್ಕೇ ಹೊರಟುಬಿಡುತ್ತಿದ್ದರಿಂದ, ಅತ್ತೆ ಬರುವವರೆಗೆ ಅಕ್ಕ ಹೊರಡುವಂತಿರಲಿಲ್ಲ. ಅವಳು ಶಾಲೆಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಆ ಶಾಲೆಯಲ್ಲಿ ನಾಡಗೀತೆ ಪೂರ್ತಿ ಬಾರದ ಏಕೈಕ ಹುಡುಗಿ ಅವಳಾಗಿದ್ದಳು.

ನಾನು ಆ ಮನೆಗೆ ಬಂದ ವಾರ ಕೇಳಿದ ರಿಪೋರ್ಟು ನನಗೆ ಈಗಲೂ ಬಾಯಿಪಾಠ. ಸಂಜೆ ಅತ್ತೆ ಬಂದು ಚಪ್ಪಲಿ ಬಿಟ್ಟು ಕಾಲು ತೊಳೆದಳು. ಅಕ್ಕ ಉದ್ದನೆಯ ನೋಟ್‌ಬುಕ್ಕು ಹಿಡಿದು ನಿಂತಳು.

‘ಒಂದನೇ ಬೆಡ್ಡು, ತಲೆನೋವು ಅಂತ ಕಾಲೇಜಿಗೆ ಹೋಗಿಲ್ಲ. ಜ್ವರ ಇಲ್ಲ. ಮಧ್ಯಾಹ್ನ ಟಿವೀಲಿ ಸಿನಿಮಾ ಇತ್ತು. ಎರಡನೇ ಬೆಡ್ಡು, ಊಟ ಸರಿಯಾಗಿದೆ, ಜಗಳಾನೂ ಸರಿಯಾಗಿದೆ. ಮೂರನೇ ಬೆಡ್ಡು, ಮೊಣಕಾಲಿಗೆ ಗಾಯ, ಕ್ರಿಕೆಟ್ಟು. ಟಿಂಚರ್ ಹಾಕಿದೀನಿ. ನಾಲ್ಕನೇ ಬೆಡ್ಡು ಬೆಳಿಗ್ಗೆಯಿಂದ ಮಾತಾಡಿಲ್ಲ, ಯಾಕೆ ಅಂತ ವಿಚಾರಿಸ್ತಾ ಇದೀನಿ. ಐದು, ಆರು, ಇಬ್ಬರಿಗೂ ಹೊಟ್ಟೆ ಕೆಟ್ಟಿದೆ. ಏಳನೇ ಬೆಡ್ಡು ಊರಿಗೆ ಕಾಗದ ಬರೀತಾ ಅತ್ತಳು.’

ಏಳನೇ ಬೆಡ್ಡು ಎಂದರೆ ನಾನು, ನೆನಪಿರಲಿ. ಅತ್ತದ್ದು ನಿಜ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ‘ತಗೊಂಡೆ’ ಎಂದಳು. ಮರುದಿನ ನನ್ನ ತಟ್ಟೆಗೆ ಶೇಂಗಾ ಚಟ್ನಿ, ಜೋಳದ ರೊಟ್ಟಿ ಬಂತು. ಊರಿನ ನೆನಪಿಗೆ ಅದೇ ಔಷಧಿ ಎಂದು ಯಾರು ಬರೆದುಕೊಟ್ಟರೋ, ಗುಣವಾದದ್ದಂತೂ ಸುಳ್ಳಲ್ಲ.

ಮಾವ ಈ ಪಟ್ಟಿಯಲ್ಲಿ ಇರಲಿಲ್ಲ. ಅವರು ಔಟ್ ಪೇಷೆಂಟ್. ಒಮ್ಮೆ ಮಾತ್ರ ಅವರಿಗೆ ಚಾರ್ಜ್ ಸಿಕ್ಕಿತ್ತು. ಅಕ್ಕ ನೀರು ಹಿಡಿಯಲು ಹೋಗಿದ್ದಳು. ಒಲೆಯ ಮೇಲೆ ಹಾಲಿತ್ತು, ಅತ್ತೆಗೆ ಬಸ್ಸಿಗೆ ಹೊತ್ತಾಗಿತ್ತು. ‘ರೀ, ಹಾಲು ಇಟ್ಟಿದೀನಿ, ಸಣ್ಣ ಉರಿ, ಐದು ನಿಮಿಷ. ತಗೊಂಡ್ರಾ?’ ಎಂದಳು. ಮಾವ ಪೇಪರಿನ ಹಿಂದಿನಿಂದ ‘ಹೂಂ’ ಎಂದರು. ‘ಹೂಂ ಅಂತ ನಿದ್ದೇಲೂ ಅಂತಾರೆ. ತಗೊಂಡೆ ಅನ್ನಿ’ ಎಂದು ಅತ್ತೆ ಪಟ್ಟು ಹಿಡಿದಳು. ‘ನನ್ನ ಹಾಲು, ನನ್ನ ಒಲೆ, ನಾನ್ಯಾಕೆ ಅನ್ನಬೇಕು’ ಎಂದು ಮಾವನೂ ಪಟ್ಟು ಹಿಡಿದರು. ಗಂಡ ಹೆಂಡತಿ ‘ಹೂಂ’ ಮತ್ತು ‘ತಗೊಂಡೆ’ಗಳ ವ್ಯತ್ಯಾಸವನ್ನು ಚರ್ಚಿಸುತ್ತಿರುವಾಗಲೇ, ಇಬ್ಬರ ಕಣ್ಣೆದುರೇ, ಹಾಲು ಉಕ್ಕಿ ಒಲೆ ಆರಿಹೋಯಿತು. ಮಾವನಿಗೆ ಆಮೇಲೆ ಯಾರೂ ಏನನ್ನೂ ಒಪ್ಪಿಸಲಿಲ್ಲ. ಅವರಿಗೆ ಬೇಕಾಗಿದ್ದುದೂ ಅದೇ ಎಂದು ನನ್ನ ಗುಮಾನಿ.

ಐದನೇ ಬೆಡ್ಡು, ಆರನೇ ಬೆಡ್ಡು ಅವಳಿ ಹುಡುಗರು. ಹೆತ್ತ ತಾಯಿಗೇ ಗುರುತು ಹತ್ತದಷ್ಟು ಒಂದೇ ಅಚ್ಚು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಮಾಡುವಂತೆ ಅತ್ತೆ ಇವರ ಮಣಿಕಟ್ಟಿಗೂ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ 5, 6 ಎಂದು ಬರೆದಿದ್ದಳು. ಒಂದು ಭಾನುವಾರ ಹರಳೆಣ್ಣೆ ಕುಡಿಸುವ ಕಾರ್ಯಕ್ರಮ. ಅತ್ತೆ ಒಬ್ಬನಿಗೆ ಕುಡಿಸುವಷ್ಟರಲ್ಲಿ ಪಾಳಿಯ ಹೊತ್ತಾಯಿತು. ‘ಐದಕ್ಕೆ ಆಗಿದೆ, ಆರಕ್ಕೆ ಬಾಕಿ’ ಎಂದು ಚಾರ್ಜ್ ಕೊಟ್ಟು ಹೋದಳು. ಆರನೆಯವನು ಮೂರು ಗೋಲಿ ಲಂಚ ಕೊಟ್ಟು ಐದನೆಯವನ ಜೊತೆ ಪ್ಲಾಸ್ಟರ್ ಬದಲಾಯಿಸಿಕೊಂಡ. ಅಕ್ಕ ಪಾಪ, ನಂಬರು ನೋಡಿ, ಕುಡಿದಿದ್ದವನಿಗೇ ಮತ್ತೊಮ್ಮೆ ಕುಡಿಸಿದಳು. ಗೋಲಿಯ ಆಸೆಗೆ ಬಿದ್ದ ಆ ಹುಡುಗ ಅವತ್ತಿಡೀ ಪಾಯಖಾನೆಯಿಂದ ಹೊರಗೆ ಬರಲಿಲ್ಲ, ಮೂರು ಮನೆಗೆ ಇದ್ದುದೋ ಒಂದೇ ಪಾಯಖಾನೆ! ಸಂಜೆ ಅಕ್ಕ ತಲೆ ತಗ್ಗಿಸಿ ರಿಪೋರ್ಟು ಕೊಟ್ಟಳು. ಅತ್ತೆ ಬೈಯಲಿಲ್ಲ. ‘ಇನ್ಮೇಲೆ ನಂಬರ್ ನೋಡಬೇಡ, ಮುಖ ನೋಡು’ ಎಂದಳು. ಎರಡೂ ಮುಖ ಒಂದೇ ಇದ್ದಾಗ ಏನು ನೋಡಬೇಕೆಂದು ಅಕ್ಕ ಕೇಳಲಿಲ್ಲ. ಆದರೆ ಅಂದಿನಿಂದ ಅವಳು ಒಮ್ಮೆಯೂ ತಪ್ಪಲಿಲ್ಲ. ಒಬ್ಬ ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತದೆ, ಇನ್ನೊಬ್ಬನಿಗೆ ಆಗುವುದಿಲ್ಲ ಎಂದು ಪತ್ತೆ ಮಾಡಿಕೊಂಡಿದ್ದಳು.

ಮನೆಯ ಮಾತಾಯಿತು. ಸಿಟಿ ಬಸ್ಸಿನ ಕಥೆ ಕೇಳಿ. ಒಂದು ದಿನ ಮೆಜೆಸ್ಟಿಕ್ಕಿನಿಂದ ನಾನೂ ಅತ್ತೆಯೂ ಬರುತ್ತಿದ್ದೆವು. ಪಕ್ಕದಲ್ಲಿ ಕೂತ ಕಾರ್ಖಾನೆಯ ಕೆಲಸದವನೊಬ್ಬ ಯಶವಂತಪುರ ದಾಟುವಷ್ಟರಲ್ಲಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದ. ಬೇರೆ ಹೆಂಗಸಾಗಿದ್ದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಅತ್ತೆ ಅವನ ನಾಡಿ ಹಿಡಿದು ನೋಡಿ ‘ಡಬಲ್ ಡ್ಯೂಟಿ ಮಾಡಿದಾನೆ, ಮಲಗಲಿ’ ಎಂದಳು. ಜಾಲಹಳ್ಳಿ ಕ್ರಾಸಿನಲ್ಲಿ ನಾವು ಇಳಿಯಬೇಕು. ಅವನು ಟಿಕೆಟ್ಟು ತೆಗೆದುಕೊಂಡಿದ್ದು ದಾಸರಹಳ್ಳಿಗೆ. ಅತ್ತೆ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಂತಿದ್ದ ಕಾಲೇಜು ಹುಡುಗನೊಬ್ಬನನ್ನು ಕರೆದು ಕೂರಿಸಿ, ತಲೆಯನ್ನು ಅವನ ಹೆಗಲಿಗೆ ವರ್ಗಾಯಿಸಿ, ‘ಇವರು ದಾಸರಹಳ್ಳೀಲಿ ಇಳೀಬೇಕು. ಎಬ್ಬಿಸಿದ ತಕ್ಷಣ ಬಿಟ್ಟುಬಿಡಬೇಡ, ಕಾಲು ತೊಡರುತ್ತೆ. ತಗೊಂಡ್ಯಾ?’ ಎಂದಳು. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ಕಂಡಕ್ಟರು ಸೀಟಿ ಊದಿದ. ಡ್ರೈವರು ತಲೆ ಹೊರಗೆ ಹಾಕಿ ನೋಡಿದ. ಅತ್ತೆ ಮೆಟ್ಟಿಲ ಮೇಲೆ ನಿಂತವಳು ಇಳಿಯಲೇ ಇಲ್ಲ. ಕೊನೆಗೆ ಹಿಂದಿನ ಸೀಟಿನವರೆಲ್ಲ ಸೇರಿ ಆ ಹುಡುಗನಿಗೆ, ‘ತಗೊಂಡೆ ಅಂದ್ಬಿಡು ಗುರು, ಬಸ್ ಹೋಗ್ಲಿ’ ಎಂದು ಬುದ್ಧಿ ಹೇಳಿದರು. ಅವನು ತಗೊಂಡ. ಬಸ್ಸು ಹೊರಟಿತು.

ಇಷ್ಟೆಲ್ಲ ಕೇಳಿ ನೀವು ನಗುತ್ತಿದ್ದೀರಿ. ನಾವೂ ನಗುತ್ತಿದ್ದೆವು. ನಗದೆ ಇದ್ದವಳು ಅಕ್ಕ ಒಬ್ಬಳೇ. ಅವಳಿಗೆ ನಗಲು ಪುರುಸೊತ್ತಿರಲಿಲ್ಲ. ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ತಂದಿದ್ದಳಂತೆ. ಅದೇ ವಾರ ಅವಳಿ ಹುಡುಗರಿಗೆ ದಡಾರ ಎದ್ದಿತು. ಅರ್ಜಿ ಹಾಗೇ ಉಳಿಯಿತು. ಅವಳಿಗೆ ಇಪ್ಪತ್ತೆರಡಾಯಿತು, ಇಪ್ಪತ್ತಮೂರಾಯಿತು, ಸಂಬಂಧಗಳು ಬರತೊಡಗಿದವು. ಅಕ್ಕನಿಗೆ ಆ ಮನೆಯಿಂದ ಬಿಡುಗಡೆ ಆಗುತ್ತದೋ ಇಲ್ಲವೋ ಎನ್ನುವುದೊಂದೇ ಆಮೇಲಿನ ಪ್ರಶ್ನೆಯಾಗಿತ್ತು. ಅತ್ತೆಯೊಬ್ಬಳನ್ನು ಬಿಟ್ಟು ಉಳಿದ ಎಲ್ಲರಿಗೂ ಅದು ಗೊತ್ತಿತ್ತು.

ಮೊದಲು ಬಂದ ವರನ ಕಾಲು ನೋಡಿ ಅತ್ತೆ ‘ಊದಿಕೊಂಡಿದೆ, ಕಿಡ್ನಿ ನೋಡಿಸ್ಕೋಬೇಕು’ ಎಂದು ಅವರಪ್ಪನಿಗೇ ಹೇಳಿ ಕಳಿಸಿದಳು. ಹೊಸ ಬೂಟು ಕಚ್ಚಿ ಊದಿದ್ದು ಎಂದು ಆಮೇಲೆ ತಿಳಿಯಿತು. ಎರಡನೆಯವನು ಎರಡು ಲೋಟ ನೀರು ಕೇಳಿದ್ದಕ್ಕೆ ಶುಗರ್ ಎಂದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದಿದ್ದ ಪಾಪ. ಮೂರನೆಯವನು ಗೂಳಿಯ ಹಾಗಿದ್ದ. ಕಣ್ಣು, ಉಗುರು, ನಾಲಿಗೆ, ನಾಡಿ, ಯಾವುದರಲ್ಲೂ ಕೊರತೆಯಿಲ್ಲ. ಅತ್ತೆ ಒಂದು ರಾತ್ರಿಯೆಲ್ಲ ಯೋಚಿಸಿ, ‘ಇಷ್ಟು ಆರೋಗ್ಯವಾಗಿದಾನೆ ಅಂದ್ರೆ ಏನೋ ಮುಚ್ಚಿಡ್ತಿದಾನೆ’ ಎಂದಳು.

ಕಾಯಿಲೆ ಇದ್ದದ್ದು ವರನಿಗಲ್ಲ, ಮನೆಗೆ. ಅಕ್ಕ ಹೋದರೆ ಚಾರ್ಜ್ ತೆಗೆದುಕೊಳ್ಳುವವರು ಯಾರು? ಒಂದನೇ ಬೆಡ್ಡಿಗೆ ಒಮ್ಮೆ ಕೊಟ್ಟು ನೋಡಿದ್ದರು. ಅವಳು ಟಿವಿಯ ಮುಂದೆ ಕೂತು ಅನ್ನ ಸೀಯಿಸಿ, ನಾಲ್ಕನೆಯವಳು ಮನೆಯಲ್ಲಿಲ್ಲದ್ದನ್ನು ಸಂಜೆಯವರೆಗೂ ಗಮನಿಸದೆ, ‘ಎಲ್ಲ ನಾರ್ಮಲ್’ ಎಂದು ರಿಪೋರ್ಟು ಕೊಟ್ಟಿದ್ದಳು. ನಾನು ಒಂದು ಸಲ ಅಕ್ಕನನ್ನೇ ಕೇಳಿದೆ, ನಿನಗೆ ಮದುವೆಯಾಗಬೇಕು ಅಂತ ಇಲ್ಲವೇ ಎಂದು. ಅವಳು ಬಟ್ಟೆ ಹಿಂಡುತ್ತಾ ‘ರಿಲೀವರ್ ಬರಲಿ’ ಎಂದಳು. ತಮಾಷೆಗೆ ಹೇಳಿದಳೋ, ನಿಜಕ್ಕೂ ಹೇಳಿದಳೋ, ಮುಖ ನೋಡಿ ಗೊತ್ತಾಗಲಿಲ್ಲ.

ನಾಲ್ಕನೆಯ ಸಂಬಂಧ ಬಂದದ್ದು ನಗರದ ಇನ್ನೊಂದು ತುದಿಯಿಂದ. ಹಾವೇರಿ ಕಡೆಯ ಜನ, ಕಾಡುಗೋಡಿಯಲ್ಲಿ ನೆಲೆ ನಿಂತವರು. ಹುಡುಗ ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರು. ತಂದೆ ಇಲ್ಲ, ತಾಯಿಯೊಬ್ಬರೇ. ಉಪ್ಪಿಟ್ಟಿನ ತಟ್ಟೆ ಕೊಡುವ ನೆಪದಲ್ಲಿ ಅತ್ತೆ ಅವನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಂತಳು. ಹುಡುಗ ತಟ್ಟೆ ಎಳೆದುಕೊಳ್ಳುವುದೋ ಬಿಡುವುದೋ ತಿಳಿಯದೆ ನಿಂತ. ಅವರು ಹೋದ ಮೇಲೆ ಅತ್ತೆ ‘ನಾಡಿ ತೊಂಬತ್ತಾರು, ಜಾಸ್ತಿಯಾಯ್ತು’ ಎಂದಳು. ಆಗ ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾವ, ಆ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಮಾತಾಡುತ್ತಿದ್ದ ಮಾವ, ಪೇಪರು ಮಡಿಚಿ ಕೆಳಗಿಟ್ಟರು.

‘ರಿಲೀವರ್ ಬರ್ಲಿಲ್ಲ ಅಂದ್ರೆ ನಿಮ್ಮಲ್ಲಿ ಎಷ್ಟು ದಿನ ಡಬಲ್ ಡ್ಯೂಟಿ ಹಾಕ್ತಾರೆ?’ ಎಂದು ಕೇಳಿದರು.

‘ಒಂದು ದಿನ. ಹೆಚ್ಚಂದ್ರೆ ಎರಡು. ಅದಕ್ಕಿಂತ ಜಾಸ್ತಿ ಹಾಕೋ ಹಂಗಿಲ್ಲ’ ಎಂದಳು ಅತ್ತೆ.

‘ಇವಳಿಗೆ ಹಾಕಿ ಹದಿನಾಲ್ಕು ವರ್ಷ ಆಯ್ತು.’

ಅಷ್ಟೇ. ಮಾವ ಪೇಪರು ಎತ್ತಿಕೊಂಡರು. ಅತ್ತೆ ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು. ಮರುದಿನ ಅಂಗಡಿಯ ಫೋನಿನಿಂದ ಕಾಡುಗೋಡಿಗೆ ಒಪ್ಪಿಗೆ ಹೋಯಿತು.

ಮದುವೆಗೆ ಎರಡು ತಿಂಗಳಿತ್ತು. ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ಜವಾಬ್ದಾರಿಯ ಹುಡುಗಿ, ಬರವಣಿಗೆ ಚೆನ್ನಾಗಿದೆ, ಇಂಗ್ಲಿಷ್ ಟೈಪಿಂಗ್ ಬೇರೆ ಬರುತ್ತದೆ, ರಿಪೋರ್ಟಿಗೆ ಇನ್ನೇನು ಬೇಕು? ಒಂದು ಸಂಜೆ ನನ್ನನ್ನು ಅಡುಗೆಮನೆಯ ಹೊಸ್ತಿಲ ಮುಂದೆ ನಿಲ್ಲಿಸಿ ‘ಒಂದನೇ ಬೆಡ್ಡು…’ ಎಂದು ಶುರು ಮಾಡಿದಳು. ನಾನು ಆಫೀಸಿನ ಹತ್ತಿರದ ಲೇಡೀಸ್ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿ, ಆ ಸುಳ್ಳನ್ನು ನಿಜ ಮಾಡಲು ಮರುದಿನವೇ ಹಾಸ್ಟೆಲು ಹುಡುಕಿಕೊಂಡು ಹೊರಟೆ. ಹದಿನಾಲ್ಕು ವರ್ಷ ಅಕ್ಕ ಹೊತ್ತದ್ದನ್ನು ನಾನು ಹದಿನಾಲ್ಕು ನಿಮಿಷವೂ ಹೊರಲಿಲ್ಲ. ಈ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಕೊನೆಗೆ ಒಂದರಿಂದ ಆರರವರೆಗಿನ ಬೆಡ್ಡುಗಳೇ ಕಿತ್ತಾಡಿ, ರಾಜಿಯಾಗಿ, ಪಾಳಿ ಹಂಚಿಕೊಂಡವು. ಮನೆ ಮುಳುಗಲಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ದಾಸರಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಮದುವೆಯಾಯಿತು. ಸ್ವಾಮಿಗಳು ಬಂದು ಹರಸಿದರು, ತಾಳಿ ಕಟ್ಟಿದ್ದಾಯಿತು, ಊಟವೂ ಆಯಿತು. ಅತ್ತೆ ಮಂಟಪದ ತುಂಬ ಓಡಾಡುತ್ತಾ ಮುದುಕರ ಬಿ.ಪಿ. ವಿಚಾರಿಸುತ್ತಿದ್ದಳು. ಮಧ್ಯಾಹ್ನ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಹಾಲಿನ ತಟ್ಟೆ ಬಂತು. ನಿಮಗೆ ಗೊತ್ತೇ ಇದೆ, ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಗಂಡಿನ ತಾಯಿಯ ಕೈಯಲ್ಲಿಟ್ಟು, ‘ಇನ್ನು ಇವಳು ನಿಮ್ಮ ಮಗಳು’ ಎಂದು ಒಪ್ಪಿಸುವುದು. ಎಂಥ ಗಟ್ಟಿಗಿತ್ತಿಯಾದರೂ ಅಲ್ಲಿ ಅತ್ತುಬಿಡುತ್ತಾಳೆ. ನಾವು ಹುಡುಗಿಯರು ಮಾತ್ರ ಮುಂದಕ್ಕೆ ನುಗ್ಗಿದ್ದು ಅಳುವುದಕ್ಕಲ್ಲ. ಚಾರ್ಜ್ ಕೊಡುವುದನ್ನೇ ಹಿರಿಯರು ಒಂದು ಶಾಸ್ತ್ರ ಅಂತ ಮಾಡಿಟ್ಟಿರುವಾಗ ಅತ್ತೆ ಬಿಡುತ್ತಾಳೆಯೇ? ಎರಡನೇ ಬೆಡ್ಡು ನನ್ನ ಕಿವಿಯಲ್ಲಿ ‘ನೋಡ್ತಿರು, ತಗೊಂಡ್ರಾ ಅಂತ ಕೇಳ್ತಾಳೆ’ ಎಂದು ಪಿಸುಗುಟ್ಟಿ ಆಗಲೇ ನಗತೊಡಗಿದ್ದಳು.

ಅತ್ತೆ ಸೆರಗು ಸರಿಮಾಡಿಕೊಂಡು ಅಕ್ಕನ ಕೈ ಹಿಡಿದು ಹಾಲಿನಲ್ಲಿ ಅದ್ದಿದಳು. ಎದುರಿಗೆ ಬೀಗಿತ್ತಿ, ಇಳಕಲ್ ಸೀರೆಯ ಸ್ಥೂಲ ಹೆಂಗಸು, ಎರಡೂ ಕೈ ಚಾಚಿ ಕೂತಿದ್ದರು.

‘ವಯಸ್ಸು ಇಪ್ಪತ್ನಾಲ್ಕು’ ಎಂದು ಅತ್ತೆ ಶುರುಮಾಡಿದಳು. ‘ಹುಟ್ಟಿದಾಗ ತೂಕ ಎರಡೂ ಮುಕ್ಕಾಲು ಕೇಜಿ. ಚುಚ್ಚುಮದ್ದೆಲ್ಲ ಆಗಿದೆ. ಸಲ್ಫಾ ಮಾತ್ರೆ ಆಗಲ್ಲ, ಮೈಯೆಲ್ಲ ದದ್ದು ಬರುತ್ತೆ. ಏಳನೇ ವರ್ಷದಲ್ಲಿ ಕಾಮಾಲೆ ಆಗಿತ್ತು, ಪೂರ್ತಿ ವಾಸಿಯಾಗಿದೆ.’

ಮಂಟಪ ನಕ್ಕಿತು. ಗಂಡಿನ ಕಡೆಯವರೂ ನಕ್ಕರು. ಅಳುತ್ತಿದ್ದ ಮುದುಕಿಯರು ಕಣ್ಣೊರೆಸಿಕೊಂಡು ನಕ್ಕರು.

‘ಊಟ…’ ಎಂದಳು ಅತ್ತೆ. ‘ಊಟದಲ್ಲಿ…’

ಅತ್ತೆ ಅಕ್ಕನ ಮುಖ ನೋಡಿದಳು, ಹಾಲಿನ ತಟ್ಟೆ ನೋಡಿದಳು. ರಿಪೋರ್ಟು ಕೊಡುವಾಗ ಅತ್ತೆ ತಡವರಿಸಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಒಬ್ಬನಿಗೆ ಮೊಸರಿಲ್ಲದೆ ಅನ್ನ ಇಳಿಯುವುದಿಲ್ಲ, ಒಬ್ಬಳಿಗೆ ಹೀರೇಕಾಯಿ ಕಂಡರಾಗದು, ನಾನು ಕಾಗದ ಬರೆಯುತ್ತಾ ಅಳುತ್ತೇನೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಅವಳಿಗೆ ಹೇಳಿದವಳು ಅಕ್ಕ. ಎರಡನೇ ಬೆಡ್ಡಿನ ನಗು ನಿಂತುಹೋಯಿತು.

‘ಹತ್ತು ವರ್ಷದ ತನಕ ಹೇಳ್ತೀನಿ ಕಣ್ರೀ’ ಎಂದಳು ಅತ್ತೆ ಬೀಗಿತ್ತಿಗೆ. ಧ್ವನಿ ಸಣ್ಣದಾಗಿತ್ತು. ‘ಆಮೇಲಿಂದು ನಂಗೆ ಗೊತ್ತಿಲ್ಲ. ಆಮೇಲೆ ಎಲ್ಲರ ರಿಪೋರ್ಟ್ ಕೊಡ್ತಿದ್ದೋಳು ಇವಳು. ಇವಳದ್ದು ನಂಗೆ ಯಾರೂ ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ. ಇವಳಿಗೆ ಏನು ಇಷ್ಟ ಅಂತ ನಂಗೊತ್ತಿಲ್ಲ. ನೀವು ಸ್ವಲ್ಪ ನೋಡ್ಕೊಂಡು ನಂಗೆ ಹೇಳಿ.’

ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಬೀಗಿತ್ತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಬಲು ಸಹಜವಾಗಿ, ‘ಹುಡುಗಿ ಇಲ್ಲೇ ಅದಾಳಲ್ರೀ. ಆಕೀನ್ನ ಕೇಳ್ರಿ’ ಎಂದರು.

ಇಷ್ಟು ಸರಳವಾದ ಉಪಾಯ ಇದೆಯೆಂದು ಅತ್ತೆಗೆ ಹೊಳೆದಿರಲೇ ಇಲ್ಲವೇನೋ. ಅವಳು ಅಕ್ಕನ ಕಡೆ ತಿರುಗಿದಳು. ಮದುವಣಗಿತ್ತಿಯನ್ನು, ಮೊದಲ ಸಲ ನೋಡುತ್ತಿರುವಂತೆ, ಬಹಳ ಹೊತ್ತು ನೋಡಿದಳು.

‘ನಿಂಗೇನವ್ವ ಇಷ್ಟ?’ ಎಂದು ಕೇಳಿದಳು.

ಅಕ್ಕನಿಗೆ ಆ ಪ್ರಶ್ನೆ ಅಭ್ಯಾಸವಿರಲಿಲ್ಲ. ಯೋಚಿಸಿದಳು. ಅವಳು ಏನಾದರೂ ಒಂದು ತಿಂಡಿಯ ಹೆಸರು ಹೇಳಿ ಮುಗಿಸುತ್ತಾಳೆಂದುಕೊಂಡೆ.

‘ಎಂಟೂವರೆ’ ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

‘ಬೆಳಿಗ್ಗೆ ಎಂಟೂವರೆ ಅಮ್ಮ. ನಿಂಗೆ ನೈಟ್ ಡ್ಯೂಟಿ ಇರ್ತಿತ್ತಲ್ಲ, ಆವಾಗ. ನೀನು ಬೀದಿ ತಿರುವಲ್ಲಿ ಕಾಣಿಸ್ತಿದ್ದ ಹೊತ್ತು.’

ಅತ್ತೆ ಹಾಲಿನಲ್ಲಿದ್ದ ಮಗಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಎತ್ತಿ ಬೀಗಿತ್ತಿಯ ಕೈಯಲ್ಲಿಡಬೇಕು, ಇಡಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಕಾಡುಗೋಡಿಗೆ ಹೊರಡಬೇಕಾದ ವ್ಯಾನಿನವನು ಹೊರಗೆ ಎರಡು ಸಲ ಹಾರ್ನ್ ಹೊಡೆದ. ಬೀಗಿತ್ತಿ ಚಾಚಿದ ಕೈ ಚಾಚಿಕೊಂಡೇ ಕಾದರು, ಅವಸರ ಮಾಡಲಿಲ್ಲ.